ಸರ್ ಅವರ ಸ್ಟೀಲ್ ಗಿಟಾರ್ ಮತ್ತೆ ಶ್ರುತಿಗೆ ಬಂದದ್ದು

ನಮಗೆ ಗಿಟಾರ್ ಕಲಿಸಿದ ಸರ್ ಅವರ ಗಿಟಾರ್ ಈಗ ಶ್ರುತಿಯಲ್ಲಿ ನಿಲ್ಲುತ್ತಿದೆ. ರಾತ್ರಿ ಕೂಡಿಸಿಟ್ಟ ಷಡ್ಜ ಬೆಳಗ್ಗೆ ಎದ್ದು ಮೀಟಿದರೂ ಅಲ್ಲೇ ಇರುತ್ತದೆ. ಧಾರವಾಡದ ಮಳೆಗಾಲದಲ್ಲಿ ಇದು ಸಣ್ಣ ಮಾತಲ್ಲ. ಮರೆಯುವ ಮೊದಲು ಎಲ್ಲ ಬರೆದಿಡುತ್ತಿದ್ದೇನೆ: ಏನೇನು ಕೆಟ್ಟಿತ್ತು, ಹೇಗೆ ಸರಿ ಮಾಡಿದೆ, ಎಲ್ಲಿ ಕೆಲಸ ಕೈಕೊಟ್ಟಿತು, ಎಷ್ಟು ಖರ್ಚಾಯಿತು. ತೊಡೆಯ ಮೇಲೆ ಮಲಗಿಸಿ, ತಂತಿಯ ಮೇಲೆ ಉಕ್ಕಿನ ರಾಡು ಜಾರಿಸಿ ನುಡಿಸುವ ಇಂಥ ಗಿಟಾರ್ ಯಾರ ಮನೆಯ ಅಟ್ಟದ ಮೇಲಾದರೂ ಬಿದ್ದಿದ್ದರೆ ಅವರಿಗೂ ಉಪಯೋಗವಾದೀತು.

ಸರ್ ತೀರಿಕೊಂಡ ಮೇಲೆ ಗಿಟಾರ್ ಅವರ ಕೋಣೆಯಲ್ಲಿ ಗೋಡೆಗೆ ಒರಗಿಕೊಂಡೇ ಇತ್ತು. ಗಾಜಿನ ಪೆಟ್ಟಿಗೆ ಮಾಡಿಸಿ ಅವರ ಫೋಟೋದ ಕೆಳಗೆ ಇಡೋಣ ಎಂದು ನಾವು ಕೆಲವು ಶಿಷ್ಯರು ಅವರ ಮನೆಯವರಿಗೆ, ನಾವು ಅವ್ವಾರು ಎನ್ನುವವರಿಗೆ, ಹೇಳಿದೆವು. ಅವ್ವಾರು ಒಪ್ಪಲಿಲ್ಲ. "ನೋಡಾಕ ಇಟ್ರ ಏನ ಬಂತು ತಮ್ಮಾ? ಬಾರಸಾಕ ಬರೂಹಂಗ ಮಾಡು" ಅಂದರು. ಯಾವುದನ್ನು ಉಳಿಸಬೇಕು, ಯಾವುದನ್ನು ಬದಲಿಸಬೇಕು ಎಂಬ ಪ್ರಶ್ನೆ ಬಂದಾಗಲೆಲ್ಲ ಈ ಮಾತನ್ನೇ ಅಳತೆಗೋಲು ಮಾಡಿಕೊಂಡೆ.

ವಾದ್ಯದ ಬಗ್ಗೆ ಎರಡು ಮಾತು. ಸರ್ ಮೊದಲು ಹುಬ್ಬಳ್ಳಿಯ ಆರ್ಕೆಸ್ಟ್ರಾಗಳಲ್ಲಿ ಹವಾಯಿಯನ್ ಗಿಟಾರ್ ನುಡಿಸುತ್ತಿದ್ದರು. ಮದುವೆ, ಗಣಪತಿ ಪೆಂಡಾಲು, ಸಿನಿಮಾ ಹಾಡು. ಬ್ರಿಜ್ ಭೂಷಣ್ ಕಾಬ್ರಾ ಅವರನ್ನು ಕೇಳಿದ ಮೇಲೆ ರಾಗದ ಕಡೆ ಹೊರಳಿದರು. 1967ರ ‘ಕಾಲ್ ಆಫ್ ದಿ ವ್ಯಾಲಿ’ ಎಲ್‌ಪಿಯಲ್ಲಿ ಶಿವಕುಮಾರ್ ಶರ್ಮಾ ಅವರ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲಿನ ಜೊತೆ ಕೇಳಿಸುವ ಗಿಟಾರ್ ಕಾಬ್ರಾ ಅವರದು. ಜೋಧಪುರದಲ್ಲಿ ಹುಟ್ಟಿದ ಅವರು ಅಲಿ ಅಕ್ಬರ್ ಖಾನರ ಶಿಷ್ಯರಾಗಿ, ಎಫ್ ಆಕಾರದ ತೂತುಗಳಿರುವ ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ತಂತಿಗಳನ್ನು ಎತ್ತರಿಸಿ, ಶ್ರುತಿಗೊಂದು ತಂತಿ ಸೇರಿಸಿ, ಆಲಾಪ ನುಡಿಸಿದವರು. ಸರ್ ತಮ್ಮ ಗಿಟಾರನ್ನು ಕಾಬ್ರಾ ಅವರ ಫೋಟೋಗಳನ್ನು ನೋಡಿ ನೋಡಿಯೇ ತಿದ್ದಿಕೊಂಡಿದ್ದರು. 2018ರ ಏಪ್ರಿಲ್‌ನಲ್ಲಿ ಕಾಬ್ರಾ ತೀರಿಕೊಂಡ ಸುದ್ದಿ ಬಂದಾಗ ಸರ್ ನಮಗೆ ಪಾಠ ಮಾಡಲಿಲ್ಲ. ಕ್ಯಾಸೆಟ್ ಹಾಕಿ ಕೂಡಿಸಿ, ಒಂದೊಂದು ಮೀಂಡಿಗೂ (ಒಂದು ಸ್ವರದಿಂದ ಇನ್ನೊಂದಕ್ಕೆ ಕಡಿಯದೆ ಜಾರುವುದು) ಕೈ ಎತ್ತಿ, "ಒಂದ ಮೀಟು. ಎಷ್ಟ ಸ್ವರ ಆದುವು ಎಣಸ್ರಿ" ಎನ್ನುತ್ತಿದ್ದರು.

ಅವರ ಗಿಟಾರ್ ಕೋಲ್ಕತ್ತಾದಲ್ಲಿ ಮಾಡಿದ್ದು. ತಲೆಯ ಮೇಲಿನ ಹೆಸರು ಅಳಿಸಿಹೋಗಿದೆ. ಹವಾಯಿಯ ಗಿಟಾರ್ ವಾದಕ ಟೌ ಮೋ ಅವರ ಕುಟುಂಬ 1940ರ ದಶಕದಲ್ಲಿ ಅಲ್ಲಿ ನೆಲೆಸಿ ನುಡಿಸಿ, ಕಲಿಸಿ ಹೋದ ಮೇಲೆ ಆ ಊರಿಗೆ ಈ ವಾದ್ಯದ ಹುಚ್ಚು ಹಿಡಿದಿತ್ತು. ಇಂಥ ಗಿಟಾರ್‌ಗಳು ಅಲ್ಲಿಂದಲೇ ದೇಶದ ತುಂಬ ಹೋದವು. ಸರ್ ಇದನ್ನು ಆರ್ಕೆಸ್ಟ್ರಾದ ಹಳೆಯ ವಾದಕರೊಬ್ಬರಿಂದ ಸೆಕೆಂಡ್‌ಹ್ಯಾಂಡ್ ಕೊಂಡಿದ್ದರು.

ಮಾರ್ಚ್: ತಪಾಸಣೆ

ತಂತಿ ಬಿಚ್ಚುವ ಮೊದಲೇ ಅಳತೆ ತೆಗೆದುಕೊಂಡೆ. ಬಿಚ್ಚಿದ ಮೇಲೆ ಯಾವುದು ಎಲ್ಲಿತ್ತು ಎಂದು ಯಾವ ವಾದ್ಯವೂ ಹೇಳುವುದಿಲ್ಲ.

ಮೇರುವಿನಿಂದ ಕುದುರೆಗೆ 648 ಮಿ.ಮೀ. (ತಂತಿ ತಲೆಯ ಕಡೆ ಕೂರುವ ಪಟ್ಟಿಗೆ ಸರ್ ವೀಣೆಯವರ ಹಾಗೆ ಮೇರು ಎನ್ನುತ್ತಿದ್ದರು, ನಾನೂ ಹಾಗೇ ಬರೆಯುತ್ತೇನೆ. ಕುದುರೆ ಎಂದರೆ ಇನ್ನೊಂದು ಕಡೆ, ಮೇಲ್ಹಲಗೆಯ ಮೇಲೆ ಕೂತು ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು.) ಮೇರುವಿನ ಹತ್ತಿರ ತಂತಿ ಬೆರಳುಪಟ್ಟಿಯಿಂದ 9 ಮಿ.ಮೀ. ಮೇಲಿತ್ತು. ಬೆರಳುಪಟ್ಟಿಯ ಇನ್ನೊಂದು ತುದಿಯಲ್ಲಿ 11 ಇರಬೇಕಾದದ್ದು ಬರೀ 7 ಇತ್ತು. ಅಂದರೆ ಕುದುರೆ ಕುಳಿತಲ್ಲಿ ಮೇಲ್ಹಲಗೆ ಕೆಳಗೆ ಇಳಿದಿದೆ. ಸ್ಕೇಲ್ ಅಡ್ಡ ಇಟ್ಟು ನೋಡಿದರೆ ಮಂದ್ರದ ಕಡೆ 4 ಮಿ.ಮೀ. ತಗ್ಗು. ಮೊದಲ ತಂತಿಯನ್ನು ಬಿಡಿಯಾಗಿ ಮೀಟಿ ಫೋನಿನ ಗಡಿಯಾರ ಹಿಡಿದರೆ ನಾದ 5 ಸೆಕೆಂಡಿಗೆ ಸಾಯುತ್ತಿತ್ತು. ಸರ್ ಇದೇ ತಂತಿಯಲ್ಲಿ ಒಂದೇ ಮೀಟಿಗೆ ಮಧ್ಯ ಷಡ್ಜದಿಂದ ತಾರಕ್ಕೆ ಹೋಗಿ, ನಿಷಾದದಲ್ಲಿ ನಿಂತು, ಇಳಿದು ಬರುತ್ತಿದ್ದರು. 5 ಸೆಕೆಂಡಿನಲ್ಲಿ ಅದು ಆಗುವುದಿಲ್ಲ.

ಕೆಟ್ಟದ್ದರ ಪಟ್ಟಿ:
ಒಳಗೆ ಮಂದ್ರದ ಕಡೆಯ ಆಸರೆಪಟ್ಟಿ ಬಿಟ್ಟಿದೆ (ಬೆರಳಿನಿಂದ ತಟ್ಟಿದರೆ ಪಟಪಟ ಅನ್ನುತ್ತದೆ).
ಮೇರುವಿನ ಅಲ್ಯುಮಿನಿಯಂ ಪಟ್ಟಿಯನ್ನು ತಂತಿಗಳು ಕೊರೆದಿವೆ.
ಮೂರು ಟ್ಯೂನಿಂಗ್ ಕೀಗಳ ಹಲ್ಲು ಸವೆದಿದೆ.
ಚಿಕಾರಿಯ (ಶ್ರುತಿಗೆಂದು ಪಕ್ಕದಲ್ಲಿ ಮಿಡಿಯುವ ತಂತಿಗಳ) ಬಿರಡೆ ಕೂರುವ ಮರದ ದಿಮ್ಮಿ ಸೀಳಿದೆ.
ಕುದುರೆಯ ಕೆಳಗೆ ರಟ್ಟಿನ ತುಂಡು ಮಡಚಿ ಇಟ್ಟಿದೆ.
ರಾಡು ತುಕ್ಕು ಹಿಡಿದಿದೆ.

ಗಿಟಾರನ್ನು ಬೋರಲು ಹಾಕಿ ಅಲ್ಲಾಡಿಸಿದಾಗ ಎಫ್ ತೂತಿನಿಂದ ಥಂಬ್ ಪಿಕ್‌ಗಳು (ಮೀಟಲು ಹೆಬ್ಬೆರಳಿಗೆ ಹಾಕುವವು), ಒಂದು ಸಿತಾರದ ಮಿಜರಾಬ್ (ಬೆರಳಿಗೆ ಹಾಕುವ ತಂತಿಯ ಮೀಟು), ತಂತಿಯ ಚೂರುಗಳು, ಒಡೆದ ಹಲ್ಲಿ ಮೊಟ್ಟೆ ಬಿದ್ದವು. ಪಿಕ್‌ಗಳು ನಮ್ಮವು. ಹೊಸ ಹುಡುಗರ ಕೈಯಿಂದ ಪಿಕ್ ಜಾರಿ ಒಳಗೆ ಬಿದ್ದರೆ ಸರ್ ಬೈಯುತ್ತಿರಲಿಲ್ಲ. ತಮ್ಮ ಜೇಬಿನಿಂದ ಬೇರೆ ಕೊಡುತ್ತಿದ್ದರು.

ಒಂದು ರಿಪೇರಿ ಅಂಗಡಿಗೆ ಒಯ್ದು ತೋರಿಸಿದೆ. ಮೇಲ್ಹಲಗೆ ಬದಲಿಸಬೇಕು, ಕಿತ್ತ ಫ್ರೆಟ್‌ಗಳನ್ನೂ (ಬೆರಳುಪಟ್ಟಿಗೆ ಅಡ್ಡ ಕೂರುವ ಲೋಹದ ಕಡ್ಡಿಗಳು) ಮತ್ತೆ ಕೂಡಿಸಿಕೊಡುತ್ತೇವೆ, ₹7,500 ಆಗುತ್ತದೆ ಅಂದರು. ಹಲಗೆ ಬದಲಿಸಿದರೆ ಸರ್ ಅವರ ನಾದ ಉಳಿಯುವುದಿಲ್ಲ ಅನ್ನಿಸಿತು. ಫ್ರೆಟ್‌ನ ವಿಷಯ ಆಗ ನನಗೂ ಪೂರ್ತಿ ಗೊತ್ತಿರಲಿಲ್ಲ, ಮುಂದೆ ಬರೆಯುತ್ತೇನೆ. ಗಿಟಾರ್ ಮನೆಗೆ ತಂದೆ.

ಮಾರ್ಚ್ ಕೊನೆ, ಏಪ್ರಿಲ್: ಇಳಿದ ಹಲಗೆ

ಹಲಗೆ ಇಳಿಯಲು ಕಾರಣ ಸರಳ. ಈ ಬಗೆಯ ಗಿಟಾರಿನಲ್ಲಿ ತಂತಿಗಳು ಹಿಂದೆ ಬಾಲದ ತಗಡಿಗೆ ಕಟ್ಟಿರುತ್ತವೆ, ಕುದುರೆ ಹಲಗೆಯ ಮೇಲೆ ಸುಮ್ಮನೆ ಕುಳಿತಿರುತ್ತದೆ. ಸ್ಟೀಲ್ ನುಡಿಸಲು ಕುದುರೆಯನ್ನು ಎತ್ತರಿಸಿದಷ್ಟೂ ತಂತಿ ಅದರ ಮೇಲೆ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಕೆಳಕ್ಕೆ ಒತ್ತುತ್ತದೆ. ಆರು ತಂತಿಗಳ ಒಟ್ಟು ಎಳೆತ 70 ಕಿಲೋ ಆಸುಪಾಸು. ಆ ಒತ್ತಡವನ್ನು ಹೊರುವುದು ಒಳಗಿನ ಎರಡು ಆಸರೆಪಟ್ಟಿಗಳು. ಅದರಲ್ಲೊಂದು ಬಿಟ್ಟುಕೊಂಡಿತ್ತು. ಸರ್ ಅದನ್ನು ಹಿಂದೊಮ್ಮೆ ಮರಗೆಲಸದ ಬಿಳಿ ಅಂಟಿನಿಂದ ಕೂಡಿಸಿದ್ದರು. ಬಿಳಿ ಅಂಟು ಸುಲಭ, ಆದರೆ ಬಿಡದೆ ಎಳೆತ ಬಿದ್ದು ಬಿಸಿಯೂ ತಾಗಿದರೆ ನಿಧಾನವಾಗಿ ಜಾರುತ್ತದೆ. ಇಲ್ಲಿ ಆಗಿದ್ದು ಅದೇ.

ಮೊದಲ ಕೆಲಸ ಆ ಹಳೆಯ ಅಂಟು ಕೆರೆಯುವುದು. ಎಫ್ ತೂತಿನ ಅಗಲ ಹೆಬ್ಬೆರಳಿನಷ್ಟು. ಸೈಕಲ್ಲಿನ ಕಡ್ಡಿಯ ತುದಿಯನ್ನು ಚಪ್ಪಟೆ ಬಡಿದು, ಬಾಗಿಸಿ, ಉಳಿಯಂತೆ ಮಸೆದುಕೊಂಡೆ. ಒಳಗೆ ದಂತವೈದ್ಯರ ಕನ್ನಡಿ, ಮೇಲೆ ಫೋನಿನ ಬೆಳಕು. ಬಿಸಿನೀರಲ್ಲಿ ಅದ್ದಿದ ಅರಿವೆ ಕಟ್ಟಿ ಅಂಟನ್ನು ಮೆತ್ತಗೆ ಮಾಡಿ ಕೆರೆಯಬೇಕು. ಬಿಳಿ ಅಂಟಿನ ಮೇಲೆ ಬೇರೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಹಾಗಾಗಿ ಮರ ಕಾಣುವವರೆಗೆ ಕೆರೆಯದೆ ಗತಿಯಿಲ್ಲ. ಇಡೀ ರಿಪೇರಿಯಲ್ಲಿ ಹೆಚ್ಚು ಹೊತ್ತು ತಿಂದದ್ದು ಇದು.

ಹಲಗೆಯನ್ನು ಮೇಲೆತ್ತಲು ಮೊದಲು ಹೊರಗಿನಿಂದ ರಬ್ಬರ್ ಟ್ಯೂಬ್ ಸುತ್ತಿ ಎಳೆದು ನೋಡಿದೆ. ಪಕ್ಕಗಳು ಬಿಗಿದವೇ ಹೊರತು ನಡುವಿನ ತಗ್ಗು ಏಳಲಿಲ್ಲ. ಬೇಕಾಗಿದ್ದದ್ದು ಒಳಗಿನಿಂದ ಒತ್ತುವ ಜ್ಯಾಕು. 6 ಮಿ.ಮೀ. ಬೋಲ್ಟು, ಅದಕ್ಕೆ ಉದ್ದನೆಯ ತಿರುಪು ಕೊಳವೆ, ಎರಡು ತುದಿಗೆ ತೊಗಲು ಅಂಟಿಸಿದ ಮರದ ಬಿಲ್ಲೆ. ಎಫ್ ತೂತಿನಿಂದ ಅಡ್ಡಡ್ಡ ಇಳಿಸಿ, ದಾರ ಎಳೆದು ನೆಟ್ಟಗೆ ನಿಲ್ಲಿಸಿ, ತೂತಿನಿಂದಲೇ ಸಣ್ಣ ಪಾನಾ ಹಾಕಿ ತಿರುಗಿಸುವುದು. ಹಲಗೆಯ ಮೇಲೆ ಬಿಸಿ ಅರಿವೆ ಇಟ್ಟು, ದಿನಕ್ಕೆ ಕಾಲು ಸುತ್ತು. ಒಂದೇ ಸಲ ಎತ್ತಿದರೆ ಹಲಗೆ ಸೀಳುತ್ತದೆ. ಕೆಳಗಿನ ಬಿಲ್ಲೆ ಹಿಂಭಾಗದ ಪಟ್ಟಿಯ ಮೇಲೆಯೇ ಕೂರಬೇಕು, ಇಲ್ಲವಾದರೆ ಹಿಂದಿನ ಹಲಗೆ ಉಬ್ಬುತ್ತದೆ. ತಗ್ಗು 4ರಿಂದ 1 ಮಿ.ಮೀ.ಗೆ ಬಂತು. ಆ ಒಂದನ್ನು ಬಿಟ್ಟುಬಿಟ್ಟೆ.

ಅಂಟಿಗೆ ಸರೇಸು. ತೊಗಲಿನಿಂದ ಮಾಡುವ ಹಳೆಯ ಅಂಟು, ಹರಳು ಹರಳಾಗಿ ಸಿಗುತ್ತದೆ. ರಾತ್ರಿ ತಣ್ಣೀರಲ್ಲಿ ನೆನೆಹಾಕಿ, ಬೆಳಗ್ಗೆ ಬಿಸಿನೀರಿನ ಪಾತ್ರೆಯೊಳಗೆ ಬಟ್ಟಲು ಇಟ್ಟು ಕರಗಿಸಬೇಕು. 60ರಿಂದ 65 ಡಿಗ್ರಿ. ಕುದಿಸಿದರೆ ಶಕ್ತಿ ಹೋಗುತ್ತದೆ. ಇದರ ಗುಣ ಗಾಜಿನ ಹಾಗೆ ಗಟ್ಟಿಯಾಗುವುದು, ಎಳೆತಕ್ಕೆ ಜಾರದೆ ಇರುವುದು. ಮುಂದೆ ಯಾರಾದರೂ ಬಿಚ್ಚಬೇಕೆಂದರೆ ಬಿಸಿ, ತೇವ ಕೊಟ್ಟರೆ ಬಿಡುತ್ತದೆ. ಆದರೆ ಬಟ್ಟಲಿನಿಂದ ತೆಗೆದ ನಿಮಿಷದೊಳಗೆ ಹೆಪ್ಪುಗಟ್ಟುತ್ತದೆ. ಮೊದಲ ಸಲ ಕಡ್ಡಿಗೆ ಅಂಟು ಹಚ್ಚಿ ತೂತಿನೊಳಗೆ ಬಿಡುವುದರೊಳಗೆ ತಣ್ಣಗಾಗಿತ್ತು, ಮರುದಿನ ಪಟ್ಟಿ ಮತ್ತೆ ಪಟಪಟ ಅಂದಿತು. ಎಲ್ಲ ಕೆರೆದು ಮತ್ತೆ ಮಾಡಬೇಕಾಯಿತು. ಎರಡನೆಯ ಸಲ ಗಿಟಾರನ್ನೇ ಮಧ್ಯಾಹ್ನದ ಬಿಸಿಲಲ್ಲಿ ಇಟ್ಟು ಬೆಚ್ಚಗೆ ಮಾಡಿ, ಸೂಜಿ ತೆಗೆದ ಸಿರಿಂಜಿಗೆ ಸಣ್ಣ ನಳಿಗೆ ಸಿಕ್ಕಿಸಿ ಅಂಟು ಬಿಟ್ಟೆ. ಜ್ಯಾಕು ಹಾಗೇ ಮೂರು ದಿನ. ಹಿಡಿಯಿತು. ಏಪ್ರಿಲ್‌ನ ಬಿಸಿಲು ಇದಕ್ಕೆ ತಕ್ಕ ಕಾಲ. ಜೂನ್ ಬಂದ ಮೇಲೆ ಈ ಕೆಲಸಕ್ಕೆ ಕೈಹಾಕಬೇಡಿ.

ಏಪ್ರಿಲ್: ಕೆಂಪು ಚುಕ್ಕೆಗಳು

ಸರ್ ಅವರ ಗಿಟಾರಿನಲ್ಲಿ ಫ್ರೆಟ್‌ಗಳಿರಲಿಲ್ಲ. ಎಲ್ಲವನ್ನೂ ಕಿತ್ತು, ಅವು ಕೂತಿದ್ದ ಗಾಡಿಗಳಿಗೆ (ಕೊರೆದ ಸಂದುಗಳಿಗೆ) ಕಪ್ಪು ಅರಗು ತುಂಬಿದ್ದರು. ಬೆರಳುಪಟ್ಟಿಯ ಅಂಚಿಗೆ ಅಲ್ಲಲ್ಲಿ ಉಗುರುಬಣ್ಣದ ಕೆಂಪು ಚುಕ್ಕೆ. ಪಾಠದಲ್ಲಿ ನಾವು ಪ್ರತಿಸಲ ನೋಡಿದ ಚುಕ್ಕೆಗಳೇ. ಸ್ವರದ ಜಾಗ ಎಂದು ಗೊತ್ತಿತ್ತು, ಅಳೆದು ನೋಡಿರಲಿಲ್ಲ. ಅಂಗಡಿಯವರು ಫ್ರೆಟ್ ಕೂಡಿಸುವ ಮಾತಾಡಿದ್ದರಿಂದ, ಗಾಡಿಗಳು ಸರಿ ಇವೆಯೇ ನೋಡೋಣ ಎಂದು ಸ್ಕೇಲ್ ಹಿಡಿದೆ.

ಪಂಚಮದ ಚುಕ್ಕೆ ಮೇರುವಿನಿಂದ 216 ಮಿ.ಮೀ. ಏಳನೆಯ ಗಾಡಿ 215.5ರಲ್ಲಿ. ಒಂದೇ ಅನ್ನಬಹುದು. ತಾರ ಷಡ್ಜ 324, ಹನ್ನೆರಡನೆಯ ಗಾಡಿಯ ಮೇಲೆಯೇ. ಗಾಂಧಾರಕ್ಕೆ ಬಂದರೆ, ನಾಲ್ಕನೆಯ ಗಾಡಿ 133.7ರಲ್ಲಿದೆ, ಸರ್ ಅವರ ಚುಕ್ಕೆ 129.5ರಲ್ಲಿ. ನಾಲ್ಕು ಮಿ.ಮೀ. ಹಿಂದೆ. ಕೈತಪ್ಪು ಅಂದುಕೊಂಡು ಧೈವತ ಅಳೆದೆ. ಒಂಬತ್ತನೆಯ ಗಾಡಿ 262.7, ಚುಕ್ಕೆ 259. ನಿಷಾದ ಎರಡು ಮಿ.ಮೀ. ಹಿಂದೆ. ರಿಷಭ ಮಾತ್ರ ಗಾಡಿಗಿಂತ ಒಂದಿಷ್ಟು ಮುಂದೆ, 72ರಲ್ಲಿ.

ಲೆಕ್ಕ ಹಾಕಿದೆ. 648ನ್ನು ಐದು ಭಾಗ ಮಾಡಿದರೆ ಒಂದು ಭಾಗ 129.6. ಒಂಬತ್ತು ಮಾಡಿದರೆ 72. ಮೂರು ಮಾಡಿದರೆ 216. ಫ್ರೆಟ್‌ಗಳು ಪಿಯಾನೋದ ಗಾಂಧಾರದ ಜಾಗದಲ್ಲಿರುತ್ತವೆ. ಚುಕ್ಕೆಗಳು ತಂಬೂರಿಯೊಳಗಿಂದ ತಾನಾಗಿ ಕೇಳಿಬರುವ ಗಾಂಧಾರದ ಜಾಗದಲ್ಲಿದ್ದವು. ಸರ್ ಭಾಗಾಕಾರ ಮಾಡಿ ಇಟ್ಟರೋ ತಂಬೂರಿ ಹಾಕಿಕೊಂಡು ಕಿವಿಯಿಂದಲೇ ಇಟ್ಟರೋ ಅವ್ವಾರಿಗೂ ಗೊತ್ತಿಲ್ಲ. "ನನ್ನ ಉಗುರಬಣ್ಣದ ಬಾಟ್ಲಿ ಒಂದ ವಾರ ಅವರ ಹಂತೇಕನ ಇತ್ತು" ಅಂದರು. ಒಂದು ವಾರ ಹಿಡಿದಿದೆ ಅಂದರೆ ಕಿವಿಯಿಂದಲೇ ಇರಬೇಕು ಎಂಬುದು ನನ್ನ ಅನಿಸಿಕೆ.

ನಮಗೆಲ್ಲ ಮೊದಲ ತಿಂಗಳುಗಳಲ್ಲಿ ಒಂದೇ ತಂತಿ, ಅದರ ಮೇಲೆ ಸ ಮತ್ತು ಗ ಮಾತ್ರ. ಮನೆಯ ಗಿಟಾರಿನಲ್ಲಿ ಫ್ರೆಟ್ ನೋಡಿ ಅಭ್ಯಾಸ ಮಾಡಿ ಬಂದವರ ಗಾಂಧಾರ ಇಲ್ಲಿ ಯಾವಾಗಲೂ ಏರಿರುತ್ತಿತ್ತು. ಸರ್ ತಪ್ಪು ಎನ್ನುತ್ತಿರಲಿಲ್ಲ. ರಾಡು ಹಿಡಿದ ನಮ್ಮ ಕೈಯ ಮೇಲೆ ತಮ್ಮ ಕೈ ಇಟ್ಟು ಕೂದಲೆಳೆಯಷ್ಟು ಹಿಂದೆ ತರುತ್ತಿದ್ದರು, ತಂಬೂರಿ ಅದನ್ನು ನುಂಗಿಕೊಳ್ಳುವವರೆಗೆ. "ಕಣ್ಣೀಲೆ ಹುಡಕಬ್ಯಾಡೋ. ಕಿವೀಲೆ ಹೋಗು, ಚುಕ್ಕಿ ಆಮ್ಯಾಲೆ ಕಾಣತೈತಿ." ಅವರ ಕೈ ನನ್ನ ಕೈಯನ್ನು ಹಿಂದೆ ಸರಿಸುತ್ತಿದ್ದ ಆ ನಾಲ್ಕು ಮಿ.ಮೀ. ಈಗ ಸ್ಕೇಲಿನ ಮೇಲೆ ಕಣ್ಣೆದುರು ಇತ್ತು. ಗಿಟಾರ್ ಕೆಳಗಿಟ್ಟು ಸ್ವಲ್ಪ ಹೊತ್ತು ಹೊರಗೆ ಹೋಗಿ ಬಂದೆ.

ಫ್ರೆಟ್ ಕೂಡಿಸುವ ಮಾತು ಅಲ್ಲಿಗೆ ಮುಗಿಯಿತು. ಚುಕ್ಕೆಗಳನ್ನು ಮುಟ್ಟಿಲ್ಲ, ಮೇಲೆ ಬಣ್ಣ ಹಚ್ಚಿಯೂ ಇಲ್ಲ. ಸವೆದುಹೋದ ಮಧ್ಯಮದ ಚುಕ್ಕೆಯೊಂದನ್ನು ಮಾತ್ರ 162ರಲ್ಲಿ ಹೊಸದಾಗಿ ಇಟ್ಟಿದ್ದೇನೆ, ಬೇರೆಯೆಂದು ಗೊತ್ತಾಗಲಿ ಎಂದು ಬಿಳಿ ಬಣ್ಣದಲ್ಲಿ. ಎಲ್ಲ ಅಳತೆಗಳನ್ನೂ ಒಂದು ಕಾಗದಕ್ಕೆ ಬರೆದು ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿದ್ದೇನೆ.

ಮೇ: ಮೇರು ಮತ್ತು ಕುದುರೆ

ಅಲ್ಯುಮಿನಿಯಂ ಮೆತ್ತಗಿನ ಲೋಹ. ತಂತಿ ಕೊರೆದ ಗಾಡಿಗಳಲ್ಲಿ ನಾದ ಸಿಕ್ಕಿಬೀಳುತ್ತಿತ್ತು. 5 ಮಿ.ಮೀ. ದಪ್ಪದ ಹಿತ್ತಾಳೆ ಪಟ್ಟಿ ಕೊಯ್ಯಿಸಿ, ಅರದಿಂದ ಮೇಲಂಚು ಉಜ್ಜಿ, ಸೂಜಿ ಅರದಿಂದ ತಂತಿಯ ಗಾಡಿ ತೆಗೆದೆ. ಹಳೆಯದರ ಅಂತರಗಳನ್ನೇ ಇಟ್ಟೆ. ಎಲ್ಲ ಕೂಡಿಸಿ, ತಾತ್ಕಾಲಿಕವಾಗಿ ಮೂರು ತಂತಿ ಕಟ್ಟಿ, ಸರ್ ಅವರ ಕೊನೆಯ ಶಿಷ್ಯೆಯನ್ನು ಕರೆದೆ. ಹತ್ತನೆಯ ಇಯತ್ತೆಯ ಹುಡುಗಿ, ಗಿಟಾರ್ ಇನ್ನು ಅವಳ ಕೈಗೇ ಹೋಗುವುದು. ತಂಬೂರಿ ಆ್ಯಪ್ ಹಾಕಿಕೊಂಡು ಎರಡು ಸಲ ಸ-ಗ-ಪ ಹೋದಳು. ತಲೆ ಎತ್ತಿ, "ಅಣ್ಣಾ, ಗ ಚುಕ್ಕಿಮ್ಯಾಲೆ ಇಲ್ಲ. ಹಿಂದ ಐತಿ" ಅಂದಳು.

ಅಳೆದೆ. ಹೊಸ ಮೇರುವಿನ ಮೇಲಂಚನ್ನು ನಾನು ಪಟ್ಟಿಯ ನಡುವೆ ತೆಗೆದಿದ್ದೆ. ಹಳೆಯದರಲ್ಲಿ ತಂತಿ ಬಿಡುವ ಅಂಚು ಪೂರ್ತಿ ಮುಂದಿತ್ತು. ಎರಡು ಮಿ.ಮೀ. ವ್ಯತ್ಯಾಸ; ತಂತಿಯ ಉದ್ದ 650 ಆಗಿತ್ತು. ಗಾಂಧಾರದ ಹತ್ತಿರ ಅದು ಒಂದೂವರೆ ಮಿ.ಮೀ. ತಪ್ಪು. ಅವಳ ಕಿವಿಗೆ ಅಷ್ಟೂ ಸಿಕ್ಕಿತ್ತು. ಸರ್ ಕೈಯ ಪಾಠ ಎಷ್ಟು ಗಟ್ಟಿ ಎಂದು ಅಲ್ಲೇ ಗೊತ್ತಾಯಿತು. ಎರಡನೆಯ ಪಟ್ಟಿ ಕೊಯ್ಯಿಸಿ, ಅಂಚು ಮುಂದಕ್ಕೆ ಬರುವಂತೆ ಇಳಿಜಾರು ತೆಗೆದೆ. ಈಗ 648 ಸರಿಯಾಗಿದೆ.

ಕುದುರೆಯ ಬುಡದ ಕೆಲಸ ಹೀಗೆ. ಹಲಗೆ ಉಬ್ಬಾಗಿರುತ್ತದೆ, ಬುಡ ಸಪಾಟಾಗಿದ್ದರೆ ಎರಡು ತುದಿಗೆ ಮಾತ್ರ ತಾಗುತ್ತದೆ. ಸರ್ ರಟ್ಟು ತುಂಬಿದ್ದು ಅದಕ್ಕೇ. ಹಲಗೆಯ ಮೇಲೆ ಮರಳುಕಾಗದವನ್ನು ಮುಖ ಮೇಲಾಗಿ ಟೇಪ್ ಹಚ್ಚಿ, ಬೀಟೆಯ ಹೊಸ ಬುಡವನ್ನು ಅದರ ಮೇಲೆಯೇ ಹಿಂದೆ ಮುಂದೆ ಉಜ್ಜಬೇಕು. 80ರಿಂದ ಶುರು, 150, ಕೊನೆಗೆ 240. ಹಲಗೆಯ ಉಬ್ಬು ತಾನಾಗಿ ಬುಡಕ್ಕೆ ಇಳಿಯುತ್ತದೆ. ಬುಡದ ಕೆಳಗೆ ತೆಳ್ಳನೆಯ ಕಾಗದ ತೂರದ ಹಾಗೆ ಕೂತರೆ ಸರಿ. ಮೇಲಿನ ಮೂಳೆಯ ಪಟ್ಟಿ ಹಳೆಯದೇ, ಚೆನ್ನಾಗಿತ್ತು. ಎತ್ತರ ಹಳೆಯದಕ್ಕಿಂತ 1 ಮಿ.ಮೀ. ಕಡಿಮೆ ಇಟ್ಟಿದ್ದೇನೆ, ಹಲಗೆಗೆ ಅಷ್ಟಾದರೂ ಭಾರ ಇಳಿಯಲಿ ಎಂದು.

ಕೀ ಸೆಟ್ಟು ಹೊಸದು. ಹಳೆಯ ಸ್ಕ್ರೂ ತೂತುಗಳಿಗೆ ಬಿದಿರಿನ ಕಡ್ಡಿ ಅಂಟು ಹಾಕಿ ತುಂಬಿ, ಮತ್ತೆ ಕೊರೆದೆ. ಅರ್ಧ ದಿನದ ಕೆಲಸ.

ಮೇ ಕೊನೆ, ಜೂನ್: ಚಿಕಾರಿ

ನೆಕ್‌ನ ಪಕ್ಕಕ್ಕೆ, ಹೊಟ್ಟೆಯ ಕಡೆ, ಸರ್ ಬೀಟೆಯ ಸಣ್ಣ ದಿಮ್ಮಿ ಅಂಟಿಸಿ ಅದರಲ್ಲಿ ಸಿತಾರದ ಎರಡು ಬಿರಡೆ ಕೂಡಿಸಿದ್ದರು. ಹೆಬ್ಬೆರಳು ತಾಗಿದರೆ ಚಿಕಾರಿ ಮಿಡಿಯುವ ಹಾಗೆ. ದಿಮ್ಮಿ ಇದ್ದದ್ದು ಒಂಬತ್ತನೆಯ ಗಾಡಿಯ ನೇರಕ್ಕೆ, ಎಡಗೈ ಓಡಾಡುವ ಹಾದಿಗೆ ಅಡ್ಡವಾಗಿ. ಹೊಸ ದಿಮ್ಮಿಯನ್ನು ತಲೆಯ ಕಡೆಗೆ, ಐದನೆಯ ಗಾಡಿಯ ಹತ್ತಿರ ಇಟ್ಟರೆ ಕೈಗೆ ಹೆಚ್ಚು ಜಾಗ ಸಿಗುತ್ತದೆ ಎಂದುಕೊಂಡು ಅಲ್ಲಿ ಕೂಡಿಸಿದೆ. ತಾರ ಷಡ್ಜಕ್ಕೆ ಏರಿಸುವಷ್ಟರಲ್ಲಿ ತಂತಿ ಪಟ್ ಎಂದಿತು. ಬೇರೆ ತಂತಿ ಹಾಕಿದರೂ ಅಷ್ಟೇ. ಇನ್ನೂ ತೆಳುವಾದದ್ದು ತಂದರೂ ಅದೇ ಸ್ವರಕ್ಕೆ ಬಂದು ಹರಿಯಿತು.

ತೆಳು ತಂತಿ ಹಾಕಿದರೆ ಉಳಿಯುತ್ತದೆ ಎಂಬುದು ತಪ್ಪು ತಿಳುವಳಿಕೆ. ಉಕ್ಕಿನ ತಂತಿ ಎಷ್ಟು ಉದ್ದಕ್ಕೆ ಯಾವ ಸ್ವರದವರೆಗೆ ತಾಳುತ್ತದೆ ಎನ್ನುವುದು ದಪ್ಪದಿಂದ ಹೆಚ್ಚು ಬದಲಾಗುವುದಿಲ್ಲ. ಉದ್ದ ಕಡಿಮೆ ಮಾಡುವುದೇ ದಾರಿ. ಐದನೆಯ ಗಾಡಿಯಿಂದ ಕುದುರೆಗೆ 485 ಮಿ.ಮೀ., ಒಂಬತ್ತನೆಯದರಿಂದ 385. ನಮ್ಮ ತಾರ ಷಡ್ಜ 587 ಹರ್ಟ್ಸ್. ಆ ಸ್ವರಕ್ಕೆ 485 ಸರಿಯಾಗಿ ಹರಿಯುವ ಅಂಚು. ಸರ್ ದಿಮ್ಮಿಯನ್ನು ಕೈಗೆ ಅಡ್ಡ ಬರುವ ಜಾಗದಲ್ಲಿ ಇಟ್ಟಿದ್ದಕ್ಕೆ ಕಾರಣವಿತ್ತು. ಕಿತ್ತು ಹಳೆಯ ಜಾಗಕ್ಕೆ ತಂದೆ. 0.23 ಮಿ.ಮೀ. ತಂತಿ, ಅಂದಿನಿಂದ ಹರಿದಿಲ್ಲ. ಕೈಗೆ ತಾಗುವ ಮೂಲೆಯನ್ನು ಮಾತ್ರ ಗುಂಡಗೆ ಉಜ್ಜಿದ್ದೇನೆ.

ಬಿರಡೆಗಳನ್ನು ಮಿರಜ್‌ನ ಸಿತಾರ್ ಮಾಡುವವರ ಗಲ್ಲಿಯಿಂದ ತಂದೆ. ಅಲ್ಲಿನ ಹಿರಿಯರೊಬ್ಬರು ತೂತಿನ ಇಳಿಜಾರನ್ನು ಬಿರಡೆಗೆ ಹೊಂದಿಸಿಕೊಡುವಾಗ ಹೇಳಿದ ಮಾತು: ಜಾರಿದರೆ ಸೀಮೆಸುಣ್ಣ, ಬಿಗಿದರೆ ಸಾಬೂನು, ಎರಡನ್ನೂ ಒಟ್ಟಿಗೆ ಹಚ್ಚಬೇಡಿ.

ಜೂನ್: ರಾಡು

75 ಮಿ.ಮೀ. ಉದ್ದ, 19 ಮಿ.ಮೀ. ವ್ಯಾಸ, ದಿನಸಿ ಅಂಗಡಿಯ ತಕ್ಕಡಿಯಲ್ಲಿ 165 ಗ್ರಾಂ. ಹುಬ್ಬಳ್ಳಿಯ ಲೇತ್ ಅಂಗಡಿಯಲ್ಲಿ ಹಳೆಯ ಶಾಫ್ಟಿನಿಂದ ಮಾಡಿಸಿಕೊಂಡದ್ದೆಂದು ಸರ್ ಹೇಳುತ್ತಿದ್ದರು. ಸ್ಟೀಲ್ ಗಿಟಾರ್ ಕಂಡುಹಿಡಿದವನೆಂದು ಹೆಸರಾದ ಹವಾಯಿಯ ಜೋಸೆಫ್ ಕೆಕುಕು 1880ರ ದಶಕದಲ್ಲಿ ತನ್ನ ಉಕ್ಕಿನ ತುಂಡನ್ನು ಶಾಲೆಯ ವರ್ಕ್‌ಶಾಪಿನಲ್ಲಿ ಮಾಡಿಕೊಂಡ ಎಂಬ ಕಥೆಯನ್ನು ಹೊಸ ಹುಡುಗರು ಬಂದಾಗಲೆಲ್ಲ ಹೇಳಿ, ತಮ್ಮ ರಾಡನ್ನು ಅವರ ಅಂಗೈಯಲ್ಲಿ ಇಡುತ್ತಿದ್ದರು. ಮೊದಲು ಅದರ ತೂಕ ಗೊತ್ತಾಗಬೇಕು ಎನ್ನುವುದು ಅವರ ಕ್ರಮ. "ಒತ್ತಬ್ಯಾಡ. ಅದರ ತೂಕಾನ ಸಾಕು. ನೀ ಬರೇ ಒಯ್ಯಿ."

ತುಕ್ಕಿನ ಗುಳಿಗಳು ಮೀಂಡಿನಲ್ಲಿ ಸರಸರ ಸದ್ದು ಮಾಡುತ್ತವೆ. ಬರೀ ಎಮರಿ ಕಾಗದದಿಂದ ಹೋಗಲಿಲ್ಲ. ಲೇತಿನಲ್ಲಿ 0.3 ಮಿ.ಮೀ. ತೆಗೆಸಿದೆ. ಈಗ ವ್ಯಾಸ 18.7, ತೂಕ 160 ಗ್ರಾಂ. ಕ್ರೋಮ್ ಹಾಕಿಕೊಡುತ್ತೇನೆ ಎಂದರು, ಬೇಡ ಅಂದೆ. ಹೊಳಪಿನ ಕೆಳಗೆ ಸರ್ ಅವರ ಉಕ್ಕು ಕೈಗೆ ತಾಗದೆ ಹೋಗುತ್ತಿತ್ತು. ಆಮೇಲೆ ಎಮರಿ 400, 800, 1200, 2000, ಯಾವಾಗಲೂ ಉದ್ದಕ್ಕೆ ಅಲ್ಲ, ಸುತ್ತಲೂ ತಿರುಗಿಸಿ ಉಜ್ಜಬೇಕು. ಕೊನೆಗೆ ಹಿತ್ತಾಳೆ ಪಾಲಿಶು. ನುಡಿಸಿದ ಮೇಲೆ ಒರೆಸಿ ಕೊಬ್ಬರಿ ಎಣ್ಣೆಯ ಕೈ ಸವರಿ ಇಡಬೇಕು, ಇಲ್ಲವಾದರೆ ಮಳೆಗಾಲದಲ್ಲಿ ವಾರಕ್ಕೇ ತುಕ್ಕು.

ಜುಲೈ: ತಂತಿ, ಶ್ರುತಿ, ಅಳತೆ

ತಂತಿಗಳು ಸರ್ ಬಳಸುತ್ತಿದ್ದ ದಪ್ಪದವೇ: 0.014, 0.018, 0.024, 0.032, 0.042, 0.054 ಇಂಚು. ತೆಳುವಿನಿಂದ ದಪ್ಪಕ್ಕೆ ಸ, ಪ, ಗ, ಸ, ಪ, ಸ. ಷಡ್ಜ ಹಾರ್ಮೋನಿಯಂನ ಎರಡನೆಯ ಬಿಳಿ ಮನೆ. ಕೋಮಲ ಗಾಂಧಾರದ ರಾಗಕ್ಕೆ ಮೂರನೆಯ ತಂತಿಯ ಗಾಂಧಾರವನ್ನು ಇಳಿಸಿಕೊಳ್ಳಬೇಕು. ಒಂದೇ ದಿನ ಪೂರ್ತಿ ಏರಿಸಲಿಲ್ಲ. ಮೊದಲು ಎರಡು ಸ್ವರ ಕೆಳಗೆ, ಹಲಗೆಯ ಮೇಲೆ ಸ್ಕೇಲ್ ಇಟ್ಟು ನೋಡುತ್ತ, ವಾರ ಕಳೆದ ಮೇಲೆ ಪೂರ್ಣ ಶ್ರುತಿ. ತಗ್ಗು 1 ಮಿ.ಮೀ.ಗೇ ನಿಂತಿದೆ.

ಮೇರುವಿನ ಹತ್ತಿರ ತಂತಿಯ ಎತ್ತರ 9 ಮಿ.ಮೀ., ಬೆರಳುಪಟ್ಟಿಯ ಕೊನೆಗೆ 10. ಮೊದಲ ತಂತಿಯ ನಾದ 5 ಸೆಕೆಂಡ್ ಇದ್ದದ್ದು 11. ಅವ್ವಾರ ಮನೆಗೆ ಒಯ್ದು ಹುಡುಗಿಯ ಕೈಯಲ್ಲಿ ಕೊಟ್ಟೆ. ಅವಳು ರಾಡಿನ ಹಿಂದೆ ಎಡಗೈಯ ಎರಡು ಬೆರಳು ತಂತಿಯ ಮೇಲೆ ಹಗುರ ಎಳೆದುಕೊಂಡು ಹೋಗುತ್ತಾಳೆ, ಹಿಂದಿನ ತಂತಿ ಗುಂಯ್ ಎನ್ನದ ಹಾಗೆ. ಸರ್ ಅವರದೇ ರೀತಿ, ಕಿರುಬೆರಳು ಸ್ವಲ್ಪ ಎತ್ತಿರುತ್ತದೆ. ಒಂದೇ ಮೀಟಿಗೆ ಸ-ಗ-ಪ ಹೋಗಿ ಗಾಂಧಾರಕ್ಕೆ ಮರಳಿ ನಿಂತಳು. ಅವ್ವಾರು ಒಳಗಿನಿಂದ, "ಇನ್ನೊಮ್ಮೆ" ಅಂದರು.

ಉಳಿದ ದೋಷ ಒಂದು: ಮಂದ್ರ ಪಂಚಮವನ್ನು ಜೋರಾಗಿ ಮೀಟಿದರೆ ಬಾಲದ ತಗಡಿನ ಕೀಲು ಝಿರ್ ಎನ್ನುತ್ತದೆ. ಕೀಲಿಗೆ ಉಣ್ಣೆಯ ತುಂಡು ಸಿಕ್ಕಿಸಿದ್ದೇನೆ, ಕಡಿಮೆಯಾಗಿದೆ, ಹೋಗಿಲ್ಲ. ತಗಡು ಬದಲಿಸಬೇಕಾಗಬಹುದು, ಅದು ದೀಪಾವಳಿಯ ನಂತರ. ನಾದವನ್ನು ಸ್ಪೀಕರಿಗೆ ಒಯ್ಯುವ, ಆರ್ಕೆಸ್ಟ್ರಾ ಕಾಲದ ಪಿಕಪ್ಪಿಗೆ ಕೈ ಹಾಕಿಲ್ಲ.

ಖರ್ಚು

ಸರೇಸು ₹180, ಬೋಲ್ಟು ಮತ್ತು ಕೊಳವೆ ₹45, ಬೀಟೆ ಮರ ₹250, ಹಿತ್ತಾಳೆ ಪಟ್ಟಿ ಎರಡು ಸಲದ್ದು ಸೇರಿ ₹160, ಕೀ ಸೆಟ್ಟು ₹480, ತಂತಿಗಳು ₹920, ಬಿರಡೆ ₹300, ಚಿಕಾರಿ ತಂತಿ ₹90, ಎಮರಿ ಮತ್ತು ಪಾಲಿಶು ₹170, ಲೇತ್ ಕೂಲಿ ₹200. ಒಟ್ಟು ₹2,795. ಮಿರಜ್‌ಗೆ ಹೋಗಿಬಂದ ರೈಲು ಖರ್ಚು ಬೇರೆ. ಹಣವನ್ನು ಹಳೆಯ ಶಿಷ್ಯರು ಹಂಚಿಕೊಂಡರು.

ಹುಡುಗಿಗೆ ಬರೆದುಕೊಟ್ಟದ್ದು

ತಂತಿ ಬದಲಿಸುವಾಗ ಎಲ್ಲವನ್ನೂ ಒಟ್ಟಿಗೆ ಬಿಚ್ಚಬೇಡ. ಕುದುರೆ ಜಾರಿದರೆ 648 ತಪ್ಪುತ್ತದೆ, ಚುಕ್ಕೆಗಳೆಲ್ಲ ಸುಳ್ಳಾಗುತ್ತವೆ. ಒಂದು ಬಿಚ್ಚಿ, ಹೊಸದು ಕಟ್ಟಿ, ಆಮೇಲೆ ಇನ್ನೊಂದು. ತಿಂಗಳಿಗೊಮ್ಮೆ ಕುದುರೆಯ ಪಕ್ಕ ಸ್ಕೇಲ್ ಅಡ್ಡ ಇಟ್ಟು ನೋಡು. ತಗ್ಗು 2 ಮಿ.ಮೀ. ಆದರೆ ತಕ್ಷಣ ತಂತಿ ಸಡಿಲಿಸಿ ಫೋನ್ ಮಾಡು. ಹೊರಗಿನ ಗೋಡೆಗೆ ಒರಗಿಸಿ ಇಡಬೇಡ, ತೇವ ಬರುತ್ತದೆ. ಪೆಟ್ಟಿಗೆಯ ಜೇಬಿನಲ್ಲಿ 0.014ರ ಎರಡು ತಂತಿಗಳಿವೆ, ಚಿಕಾರಿಯ ಸುರುಳಿ ಅವ್ವಾರ ಹತ್ತಿರ ಕೊಟ್ಟಿದ್ದೇನೆ. ಒಳಗಿನಿಂದ ಬಿದ್ದ ಪಿಕ್‌ಗಳೂ ಅದೇ ಜೇಬಿನಲ್ಲಿವೆ, ಹೊಸಬರು ಕಲಿಯಲು ಬಂದರೆ ಕೊಡು.